ಮುಖದ ಪುನರ್‌ರಚನೆ ಶಸ್ತ್ರಚಿಕಿತ್ಸೆಯ ಪೇಪರುಗಳ ಸೈಟೇಶನ್ ಎಣಿಸುವುದು ಹೇಗೆ: ಕೊಡಗಿನ ಪಿಜಿ ವಿದ್ಯಾರ್ಥಿಗಳಿಗೆ

ದವಡೆಯ ಒಂದು ಭಾಗವನ್ನೇ ತೆಗೆದು ಕಾಲಿನ ಫಿಬುಲಾ ಮೂಳೆಯಿಂದ ಹೊಸದಾಗಿ ಕಟ್ಟುವಂಥ ದೊಡ್ಡ ಕೇಸುಗಳು ಕೊಡಗಿನಿಂದ ಹೆಚ್ಚಾಗಿ ಮೈಸೂರು, ಮಂಗಳೂರು, ಬೆಂಗಳೂರಿನ ದಾರಿ ಹಿಡಿಯುತ್ತವೆ. ವಿರಾಜಪೇಟೆಯ ಡೆಂಟಲ್ ಕಾಲೇಜಿನಲ್ಲೋ ಮಡಿಕೇರಿಯ ಮೆಡಿಕಲ್ ಕಾಲೇಜಿನಲ್ಲೋ ಕೂತ ವಿದ್ಯಾರ್ಥಿಗೆ ಅಂಥ ಕೇಸುಗಳ ಸರಣಿ ಮಾಡಿ ಪೇಪರ್ ಬರೆಯುವುದು ಕಷ್ಟ. ಆದರೆ ಆ ಶಸ್ತ್ರಚಿಕಿತ್ಸೆಯ ಬಗ್ಗೆ ಜಗತ್ತು ಏನು ಬರೆದಿದೆ, ಯಾರು ಯಾರನ್ನು ಉಲ್ಲೇಖಿಸಿದ್ದಾರೆ, ಯಾವ ಪೇಪರಿನ ಮೇಲೆ ಈ ವಿಷಯ ನಿಂತಿದೆ ಎಂದು ಹುಡುಕಲು ಒಂದು ಲ್ಯಾಪ್‌ಟಾಪ್, ಒಬ್ಬ ಜೊತೆಗಾರ, ಮೂರು ನಾಲ್ಕು ತಿಂಗಳ ತಾಳ್ಮೆ ಸಾಕು. ‘ಅತಿ ಹೆಚ್ಚು ಉಲ್ಲೇಖವಾದ 100 ಪೇಪರುಗಳು’ ಎಂಬ ಮಾದರಿಯ ಅಧ್ಯಯನಗಳು ಇದೇ ಜಾತಿಯವು. ಸುಲಭವಾಗಿ ಕಾಣುತ್ತವೆ, ಹಾಗಾಗಿಯೇ ಬಹಳಷ್ಟು ಕೆಟ್ಟದಾಗಿ ಆಗುತ್ತವೆ. ಸೈಟೇಶನ್, ಅಂದರೆ ಉಲ್ಲೇಖ, ಎಣಿಸುವುದೆಂದರೆ ಕೊನೆಗೆ ಹೆಸರುಗಳ ಎಣಿಕೆ. ಹೆಸರು ಕೆಟ್ಟರೆ ಸಂಖ್ಯೆಯೂ ಕೆಟ್ಟಂತೆ. ಈ ಲೇಖನದಲ್ಲಿ ಹೆಚ್ಚು ಜಾಗ ಹೆಸರಿಗೇ ಹೋಗಿದೆ, ಅದು ಬೇಕೆಂದೇ ಮಾಡಿದ್ದು.

ಮೊದಲು ಗಡಿ ಹಾಕಿಕೊಳ್ಳಿ

‘ಮುಖದ ಪುನರ್‌ರಚನೆ’ ಎಂದರೆ ಏನೇನು ಸೇರುತ್ತದೆ? ದವಡೆ ಮುಖವೇ? ಸೀಳುತುಟಿ? ಮುಖದ ನರ ಸತ್ತವರಿಗೆ ತೊಡೆಯ ಗ್ರಾಸಿಲಿಸ್ ಸ್ನಾಯು ಕಸಿ ಮಾಡುವುದು? ಸುಟ್ಟ ಗಾಯ? ಚೆಂದಕ್ಕಾಗಿ ಮೂಗು ತಿದ್ದುವುದು? ಈ ಐದು ಪ್ರಶ್ನೆಗೆ ಹೌದು ಅಥವಾ ಇಲ್ಲ ಎಂಬ ಉತ್ತರವನ್ನು ಹುಡುಕಾಟ ಶುರು ಮಾಡುವ ಮೊದಲೇ ಒಂದು ಹಾಳೆಯಲ್ಲಿ ಬರೆದು, ತಾರೀಖು ಹಾಕಿ, ಗೈಡ್ ಸಹಿ ಮಾಡಿಸಿ ಇಟ್ಟುಕೊಳ್ಳಿ. ಫಲಿತಾಂಶ ನೋಡಿದ ಮೇಲೆ ಗಡಿ ಹಾಕಲು ಹೋದರೆ ಮನಸ್ಸಿಗೆ ಬೇಕಾದ ಪೇಪರು ಒಳಗೆ ಬರುತ್ತದೆ, ಬೇಡದ್ದು ಹೊರಗೆ ಹೋಗುತ್ತದೆ. ವಿಷಯ ಚಿಕ್ಕದಾದಷ್ಟೂ ಕೆಲಸ ಗಟ್ಟಿ. ‘ಮುಖದ ಪುನರ್‌ರಚನೆ’ ಎನ್ನುವುದಕ್ಕಿಂತ ‘ಮೂಗಿನ ಪುನರ್‌ರಚನೆ’ ಅಥವಾ ‘ಫ್ರೀ ಫ್ಲಾಪ್‌ನಿಂದ ಕೆಳದವಡೆಯ ಪುನರ್‌ರಚನೆ’ ಒಳ್ಳೆಯ ಪ್ರಶ್ನೆಗಳು (ಫ್ರೀ ಫ್ಲಾಪ್ ಎಂದರೆ ದೇಹದ ಬೇರೆ ಕಡೆಯಿಂದ ರಕ್ತನಾಳ ಸಹಿತ ತೆಗೆದು ಜೋಡಿಸುವ ತುಂಡು).

ರೋಗಿಗಳ ಮಾಹಿತಿ ಇಲ್ಲದ ಕಾರಣ ಎಥಿಕ್ಸ್ ಕಮಿಟಿಗೆ ಹೋಗಬೇಕಿಲ್ಲ ಎಂದು ಕೆಲವರು ಅಂದುಕೊಳ್ಳುತ್ತಾರೆ. ಸಾರ್ವಜನಿಕವಾಗಿ ಸಿಗುವ ಮಾಹಿತಿಯ ಅಧ್ಯಯನಕ್ಕೆ ವಿನಾಯಿತಿ ಕೊಡಲು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ 2017ರ ಮಾರ್ಗಸೂಚಿಯಲ್ಲಿ ಅವಕಾಶವಿದೆ. ಆದರೆ ವಿನಾಯಿತಿ ಕೊಡುವುದು ಕಮಿಟಿ, ವಿದ್ಯಾರ್ಥಿಯಲ್ಲ. ಒಂದು ಪುಟದ ಅರ್ಜಿ ಕೊಟ್ಟು ಪತ್ರ ತೆಗೆದುಕೊಳ್ಳಿ. ಜರ್ನಲ್‌ನವರು ಕೇಳಿದಾಗ ಹುಡುಕಾಡುವುದು ತಪ್ಪುತ್ತದೆ.

ಯಾವ ಡೇಟಾಬೇಸ್?

ಯುಜೀನ್ ಗಾರ್ಫೀಲ್ಡ್ ಉಲ್ಲೇಖಗಳ ಸೂಚಿ ಮಾಡಬಹುದು ಎಂದು ‘ಸೈನ್ಸ್’ ಪತ್ರಿಕೆಯಲ್ಲಿ ಬರೆದದ್ದು 1955ರಲ್ಲಿ. ಅದರಿಂದ ಬೆಳೆದದ್ದು ಇಂದಿನ ವೆಬ್ ಆಫ್ ಸೈನ್ಸ್. ಸ್ಕೋಪಸ್ ಮತ್ತು ಗೂಗಲ್ ಸ್ಕಾಲರ್ ಎರಡೂ 2004ರವು. ಓಪನ್‌ಅಲೆಕ್ಸ್ 2022ರಲ್ಲಿ ಬಂತು, ಪೂರ್ತಿ ಉಚಿತ. ಒಂದೇ ಪೇಪರಿಗೆ ಈ ನಾಲ್ಕೂ ಕಡೆ ನಾಲ್ಕು ಸಂಖ್ಯೆ ಬರುತ್ತದೆ. ಗೂಗಲ್ ಸ್ಕಾಲರ್‌ನಲ್ಲಿ ಸಾಮಾನ್ಯವಾಗಿ ಎಲ್ಲಕ್ಕಿಂತ ಜಾಸ್ತಿ, ಏಕೆಂದರೆ ಅದು ಥೀಸಿಸ್, ಪುಸ್ತಕ, ಕಾಲೇಜು ಜಾಲತಾಣದ ಪಿಡಿಎಫ್ ಎಲ್ಲವನ್ನೂ ಎಣಿಸುತ್ತದೆ. ಯಾವುದು ಸರಿ ಎಂಬ ಪ್ರಶ್ನೆಗೆ ಅರ್ಥವಿಲ್ಲ. ಒಂದನ್ನು ಆರಿಸಿ ಕೊನೆಯವರೆಗೂ ಅದರಲ್ಲೇ ಎಣಿಸಿ, ಬೇಕಾದರೆ ಇನ್ನೊಂದರ ಸಂಖ್ಯೆಯನ್ನು ಪಕ್ಕದ ಕಾಲಂನಲ್ಲಿ ಹೋಲಿಕೆಗೆ ಇಡಿ. ಅರ್ಧ ಇಲ್ಲಿಂದ, ಅರ್ಧ ಅಲ್ಲಿಂದ ತಂದು ಒಂದೇ ಪಟ್ಟಿಯಲ್ಲಿ ಕಲಸಿದರೆ ಆ ಪಟ್ಟಿ ಯಾವ ಕೆಲಸಕ್ಕೂ ಬಾರದು.

ನಮ್ಮ ಜಿಲ್ಲೆಯ ಮಟ್ಟಿಗೆ ಪ್ರಶ್ನೆ ಬರುವುದು ಪ್ರವೇಶದ್ದು. ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜುಗಳಿಗೆ ಹೆಲಿನೆಟ್ ಎಂಬ ಡಿಜಿಟಲ್ ಲೈಬ್ರರಿ ಮೂಲಕ ಜರ್ನಲ್‌ಗಳು ಸಿಗುತ್ತವೆ. ಕೇಂದ್ರದ ‘ಒನ್ ನೇಶನ್ ಒನ್ ಸಬ್‌ಸ್ಕ್ರಿಪ್ಷನ್’ ಎಂಬ ಜರ್ನಲ್ ಚಂದಾ ಯೋಜನೆ 2025ರ ಜನವರಿ 1ರಿಂದ ಜಾರಿಯಲ್ಲಿದೆ, ಆದರೆ ಅದು ಸರ್ಕಾರಿ ಸಂಸ್ಥೆಗಳಿಗೆ. ಹಾಗಾಗಿ ಮಡಿಕೇರಿಯ ಸರ್ಕಾರಿ ಕಾಲೇಜಿನ ವಿದ್ಯಾರ್ಥಿಗೂ ವಿರಾಜಪೇಟೆಯ ಖಾಸಗಿ ಕಾಲೇಜಿನ ವಿದ್ಯಾರ್ಥಿಗೂ ಬೇರೆ ಬೇರೆ ಬಾಗಿಲು. ಇನ್ನೊಂದು ಗಮನಿಸಿ: ಜರ್ನಲ್ ಓದಲು ಸಿಗುವುದು ಬೇರೆ, ಸೈಟೇಶನ್ ಎಣಿಸುವ ಡೇಟಾಬೇಸ್ ಸಿಗುವುದು ಬೇರೆ. ಮೊದಲ ವಾರವೇ ಲೈಬ್ರರಿಯನ್ ಹತ್ತಿರ ಕೂತು ಯಾವುದಕ್ಕೆ ಲಾಗಿನ್ ಇದೆ, ಯಾವ ವರ್ಷದಿಂದ ಇದೆ ಎಂದು ಬರೆದುಕೊಳ್ಳಿ. ವೆಬ್ ಆಫ್ ಸೈನ್ಸ್ ಚಂದಾದಲ್ಲಿ ಹಳೆಯ ವರ್ಷಗಳು ಇಲ್ಲದಿದ್ದರೆ 1960ರ ದಶಕದ ಪೇಪರು ಪಟ್ಟಿಗೆ ಬರುವುದೇ ಇಲ್ಲ, ನಿಮಗೆ ಅದು ತಪ್ಪಿಹೋದದ್ದು ಗೊತ್ತೂ ಆಗುವುದಿಲ್ಲ. ಸ್ಕೋಪಸ್‌ನಲ್ಲಿ ಪೇಪರುಗಳ ಉಲ್ಲೇಖಪಟ್ಟಿ 1970ರಿಂದ ಈಚೆಯದು ಮಾತ್ರ.

ಲಾಗಿನ್ ಯಾವುದೂ ಇಲ್ಲದವರು ಓಪನ್‌ಅಲೆಕ್ಸ್ ಅಥವಾ ದಿ ಲೆನ್ಸ್‌ನಲ್ಲಿ ಕೆಲಸ ಮಾಡಬಹುದು. ಅದರಲ್ಲಿ ಕೀಳರಿಮೆ ಬೇಡ. ಗೂಗಲ್ ಸ್ಕಾಲರ್ ಅನ್ನು ಮುಖ್ಯ ಮೂಲವಾಗಿ ಬಳಸಬೇಡಿ: ಒಂದು ಹುಡುಕಾಟಕ್ಕೆ 1000ಕ್ಕಿಂತ ಹೆಚ್ಚು ಫಲಿತಾಂಶ ತೋರಿಸುವುದಿಲ್ಲ, ಹುಡುಕಾಟವನ್ನು ಇನ್ನೊಬ್ಬರು ಹಾಗೇ ಮರುಮಾಡಲು ಆಗುವುದಿಲ್ಲ. ಪಬ್‌ಮೆಡ್ (ಅಮೆರಿಕದ ಉಚಿತ ವೈದ್ಯಕೀಯ ಪೇಪರ್ ಸೂಚಿ) ಹುಡುಕಲು ಚೆನ್ನ, ಆದರೆ ಅಲ್ಲಿನ ‘ಸೈಟೆಡ್ ಬೈ’ ಸಂಖ್ಯೆ ಪೂರ್ಣವಲ್ಲ.

ಹುಡುಕಾಟದ ಪದ

‘ಫೇಶಿಯಲ್ ರೀಕನ್‌ಸ್ಟ್ರಕ್ಷನ್’ ಎಂದಷ್ಟೇ ಬರೆದು ಎಂಟರ್ ಒತ್ತಿದರೆ ಬರುವುದು ಮೂರು ಬೇರೆ ಲೋಕ. ಒಂದು ನಿಮ್ಮದು. ಇನ್ನೊಂದು ತಲೆಬುರುಡೆ ನೋಡಿ ಸತ್ತವರ ಮುಖ ಮೂಡಿಸುವ ಫೊರೆನ್ಸಿಕ್ ಕೆಲಸ. ಮೂರನೆಯದು ಫೋಟೋದಿಂದ ಮೂರು ಆಯಾಮದ ಮುಖ ಕಟ್ಟುವ ಕಂಪ್ಯೂಟರ್ ವಿಷನ್. ಆ ಮೂರನೆಯ ಲೋಕದ ಪೇಪರುಗಳಿಗೆ ಸೈಟೇಶನ್ ಸಾವಿರಗಟ್ಟಲೆ, ಹಾಗಾಗಿ ಸೋಸದೆ ಬಿಟ್ಟರೆ ನಿಮ್ಮ ಪಟ್ಟಿಯ ತಲೆಯ ಮೇಲೆ ಅವೇ ಕೂರುತ್ತವೆ. ವಿಷಯ ವಿಭಾಗದಲ್ಲಿ ಸರ್ಜರಿ, ದಂತವೈದ್ಯ, ಕಿವಿ-ಮೂಗು-ಗಂಟಲು ಇಷ್ಟಕ್ಕೆ ಸೀಮಿತಗೊಳಿಸಿದರೆ ಬಹುಪಾಲು ತೊಲಗುತ್ತವೆ, ಉಳಿದದ್ದನ್ನು ಕಣ್ಣಿನಿಂದಲೇ ತೆಗೆಯಬೇಕು.

ಪದಗಳನ್ನು ಮೂರು ಗುಂಪು ಮಾಡಿ. ಮೊದಲನೆಯದು ಅಂಗ: ನೋಸ್, ನೇಸಲ್, ಲಿಪ್, ಚೀಕ್, ಐಲಿಡ್, ಮ್ಯಾಂಡಿಬಲ್, ಮ್ಯಾಕ್ಸಿಲ್ಲಾ, ಮಿಡ್‌ಫೇಸ್. ಎರಡನೆಯದು ಕೆಲಸ: ರೀಕನ್‌ಸ್ಟ್ರಕ್ಷನ್, ಫ್ಲಾಪ್, ಗ್ರಾಫ್ಟ್, ಮೈಕ್ರೋವ್ಯಾಸ್ಕುಲರ್, ಡಿಸ್ಟ್ರಾಕ್ಷನ್, ಟ್ರಾನ್ಸ್‌ಪ್ಲಾಂಟೇಶನ್. ಮೂರನೆಯದು ಹೊರಗಿಡಬೇಕಾದ್ದು. ಗುಂಪಿನ ಒಳಗೆ ‘ಆರ್’, ಮೊದಲೆರಡು ಗುಂಪಿನ ನಡುವೆ ‘ಆಂಡ್’, ಮೂರನೆಯದರ ಮುಂದೆ ‘ನಾಟ್’. ‘ನಾಟ್’ ಬಳಸುವಾಗ ಕೈ ಬಿಗಿ ಹಿಡಿಯಿರಿ. ‘ಕಾಸ್ಮೆಟಿಕ್’ ಎಂಬ ಪದವನ್ನು ನಾಟ್ ಹಾಕಿ ತೆಗೆದರೆ, ‘ಕಾಸ್ಮೆಟಿಕ್ ಫಲಿತಾಂಶ ಚೆನ್ನಾಗಿತ್ತು’ ಎಂದು ಸಾರಾಂಶದಲ್ಲಿ ಬರೆದ ಪ್ರತಿಯೊಂದು ಪುನರ್‌ರಚನೆಯ ಪೇಪರೂ ಹೊರಗೆ ಹೋಗುತ್ತದೆ. ಪಬ್‌ಮೆಡ್‌ನ ಮೆಶ್ ಪದಗಳಲ್ಲಿಯೂ (ಪ್ರತಿ ಪೇಪರಿಗೆ ಹಚ್ಚುವ ನಿಗದಿತ ವಿಷಯಪದಗಳು) ಒಂದು ಗುಂಡಿ ಇದೆ: ಅಲ್ಲಿ ‘ರೈನೋಪ್ಲಾಸ್ಟಿ’ ಎಂದರೆ ಚೆಂದಕ್ಕೆ ತಿದ್ದುವುದೂ ಸೇರಿದೆ, ಹೊಸ ಮೂಗು ಕಟ್ಟುವುದೂ ಸೇರಿದೆ.

ಪದಗಳ ಜಾಲ ಸರಿಯಾಗಿದೆಯೇ ಎಂದು ನೋಡಲು ಒಂದು ಖಚಿತ ದಾರಿ ಇದೆ. ಬಂದೇ ಬರಬೇಕಾದ ಹತ್ತು ಪೇಪರುಗಳನ್ನು ಮೊದಲೇ ಬರೆದಿಟ್ಟುಕೊಳ್ಳಿ. ಉದಾಹರಣೆಗೆ ಬಕಾಮ್ಜಿಯನ್‌ನ 1965ರ ಡೆಲ್ಟೋಪೆಕ್ಟೋರಲ್ ಫ್ಲಾಪ್, ಕರಪಾಂಜಿಚ್‌ನ 1974ರ ತುಟಿ ದುರಸ್ತಿ, ಹಾರಿಯ 1976ರ ಗ್ರಾಸಿಲಿಸ್ ಕಸಿ, ಶಾಂಪಿಯ 1978ರ ಮಿನಿಪ್ಲೇಟ್, ಅರಿಯನ್‌ನ 1979ರ ಪೆಕ್ಟೋರಾಲಿಸ್ ಮೇಜರ್ ಫ್ಲಾಪ್, ಬರ್ಜೆಟ್ ಮತ್ತು ಮೆನಿಕ್‌ರ 1985ರ ಮೂಗಿನ ಸಬ್‌ಯೂನಿಟ್ ತತ್ವ, ಹಿಡಾಲ್ಗೋನ 1989ರ ಫಿಬುಲಾ ಫ್ಲಾಪ್, ಮೆಕಾರ್ಥಿಯ 1992ರ ದವಡೆ ಡಿಸ್ಟ್ರಾಕ್ಷನ್, 2005ರ ನವೆಂಬರ್‌ನಲ್ಲಿ ಫ್ರಾನ್ಸಿನ ಅಮಿಯಾನ್‌ನಲ್ಲಿ ನಡೆದ ಮೊದಲ ಭಾಗಶಃ ಮುಖ ಕಸಿಯ ಬಗ್ಗೆ 2006ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಬಂದ ವರದಿ. ಹತ್ತನೆಯದನ್ನು ನಿಮ್ಮ ಗೈಡ್ ಹೇಳಲಿ. ನಿಮ್ಮ ಗಡಿಯೊಳಗೆ ಬರುವ ಇವುಗಳಲ್ಲಿ ಒಂದು ತಪ್ಪಿದರೂ ಪದ ತಿದ್ದಿ ಮತ್ತೆ ಹುಡುಕಿ. ಬಕಾಮ್ಜಿಯನ್, ಅರಿಯನ್ ತಪ್ಪುವುದು ಹೆಚ್ಚು. ಹಳೆಯ ಪೇಪರುಗಳಿಗೆ ಡೇಟಾಬೇಸ್‌ನಲ್ಲಿ ಸಾರಾಂಶ ಇರದಿದ್ದಾಗ ಶೀರ್ಷಿಕೆಯಲ್ಲಿ ಇರುವ ಪದ ಮಾತ್ರ ಸಿಕ್ಕುವುದು.

ಎಣಿಕೆಯ ದಿನ

ಸೈಟೇಶನ್ ಸಂಖ್ಯೆ ದಿನದಿನಕ್ಕೆ ಏರುತ್ತದೆ. ಹಾಗಾಗಿ ಎಲ್ಲ ಪೇಪರುಗಳ ಸಂಖ್ಯೆಯನ್ನೂ ಒಂದೇ ದಿನ ಇಳಿಸಿಕೊಳ್ಳಬೇಕು, ಆ ತಾರೀಖನ್ನು ಪೇಪರಿನಲ್ಲಿ ಬರೆಯಬೇಕು. ಜೂನ್‌ನಿಂದ ಆಗಸ್ಟ್‌ವರೆಗೆ ಆ ದಿನ ಇಟ್ಟುಕೊಳ್ಳಬೇಡಿ. ಮರ ಲೈನಿನ ಮೇಲೆ ಬಿದ್ದು ಕರೆಂಟು ಹೋದರೆ ಟವರೂ ಕೂರುತ್ತದೆ, ಅರ್ಧ ಪಟ್ಟಿ ಇಳಿದಿರುತ್ತದೆ, ಉಳಿದರ್ಧ ನಾಲ್ಕು ದಿನ ಬಿಟ್ಟು. ಕೈಲ್‌ಪೋಳ್ದ್ ಹಬ್ಬ ಕಳೆದ ಮೇಲೆ, ಮಳೆ ಇಳಿದಾಗ ಮಾಡಿ. ವೆಬ್ ಆಫ್ ಸೈನ್ಸ್‌ನಲ್ಲಿ ಉಲ್ಲೇಖಪಟ್ಟಿ ಸಹಿತ ಪೂರ್ಣ ದಾಖಲೆ ಇಳಿಸುವುದಾದರೆ ಒಂದು ಸಲಕ್ಕೆ 500 ಮಾತ್ರ, ಅಂದರೆ 3000 ಫಲಿತಾಂಶಕ್ಕೆ ಆರು ಕಡತ. ಪ್ರತಿ ಕಡತಕ್ಕೆ ‘1ರಿಂದ 500’, ‘501ರಿಂದ 1000’ ಎಂದು ಹೆಸರು ಕೊಡಿ. ಒಂದು ಕಡತ ಎರಡು ಸಲ ಇಳಿದು, ಇನ್ನೊಂದು ಬಿಟ್ಟುಹೋಗುವುದು ಸಾಮಾನ್ಯ ತಪ್ಪು.

ಇಳಿಸಿದ ಮೂಲ ಕಡತವನ್ನು ಮುಟ್ಟಬೇಡಿ. ನಕಲು ಮಾಡಿ ಆ ನಕಲಿನಲ್ಲಿ ಕೆಲಸ ಮಾಡಿ. ಸಿಎಸ್‌ವಿ ಕಡತದ ಮೇಲೆ ಎರಡು ಸಲ ಒತ್ತಿ ಎಕ್ಸೆಲ್‌ನಲ್ಲಿ ತೆರೆದರೆ ಎರಡು ಅನಾಹುತ ಆಗುತ್ತವೆ. ಒಂದು, ಫ್ರೆಂಚ್, ಸರ್ಬಿಯನ್ ಹೆಸರುಗಳ ಮೇಲಿನ ಗುರುತುಗಳು ಚಿತ್ರವಿಚಿತ್ರ ಅಕ್ಷರಗಳಾಗುತ್ತವೆ. ಎರಡು, ಪುಟಸಂಖ್ಯೆ 5-12 ಎಂದಿದ್ದದ್ದು ಮೇ 12 ಎಂದೋ ಡಿಸೆಂಬರ್ 5 ಎಂದೋ ತಾರೀಖಾಗಿ ಬದಲಾಗುತ್ತದೆ, ಸೇವ್ ಮಾಡಿದರೆ ಮೂಲ ಸಂಖ್ಯೆ ಹೋಯಿತು. ಖಾಲಿ ಎಕ್ಸೆಲ್ ತೆರೆದು, ಡೇಟಾ ಮೆನುವಿನಿಂದ ಕಡತ ಆಮದು ಮಾಡಿ, ಯುಟಿಎಫ್-8 ಆರಿಸಿ, ಪುಟಸಂಖ್ಯೆಯ ಕಾಲಂ ಅನ್ನು ‘ಟೆಕ್ಸ್ಟ್’ ಎಂದು ಗುರುತಿಸಿ ಆಮೇಲೆ ಲೋಡ್ ಮಾಡಿ.

ಇಬ್ಬರು ಬೇರೆ ಬೇರೆ ಕೂತು ಆರಿಸಬೇಕು

ಸೈಟೇಶನ್ ಹೆಚ್ಚಿನಿಂದ ಕಡಿಮೆಗೆ ಜೋಡಿಸಿ, ಮೇಲಿಂದ ಒಂದೊಂದೇ ಶೀರ್ಷಿಕೆ, ಸಾರಾಂಶ ಓದುತ್ತ ಇಬ್ಬರು ಪ್ರತ್ಯೇಕವಾಗಿ ಹೌದು-ಇಲ್ಲ ಹಾಕಬೇಕು. 100 ಪೇಪರ್ ಬೇಕಿದ್ದರೆ 100ಕ್ಕೆ ನಿಲ್ಲಿಸಬೇಡಿ, 120ರವರೆಗೆ ಹೋಗಿ. ಪೂರ್ತಿ ಓದಿದಾಗ ಕೆಲವು ಉದುರುತ್ತವೆ. 100ನೇ ಸ್ಥಾನದಲ್ಲಿ ಒಂದೇ ಸಂಖ್ಯೆಯ ಮೂರು ಪೇಪರ್ ಇದ್ದರೆ ಮೂರನ್ನೂ ಇಟ್ಟು 102 ಎಂದು ಬರೆಯಿರಿ.

ಮೊದಲ 100 ಶೀರ್ಷಿಕೆಗಳಲ್ಲಿ ನಿಮ್ಮಿಬ್ಬರ ಒಪ್ಪಿಗೆ ಎಷ್ಟು ಎಂದು ಕಪ್ಪಾ ಲೆಕ್ಕ ಹಾಕಿ. ಇಬ್ಬರೂ ಹೌದು ಎಂದದ್ದು 20, ಇಬ್ಬರೂ ಇಲ್ಲ ಎಂದದ್ದು 70, ಒಬ್ಬರು ಮಾತ್ರ ಹೌದು ಎಂದದ್ದು ಐದೈದು ಎಂದುಕೊಳ್ಳಿ. ಕಂಡ ಒಪ್ಪಿಗೆ 0.90. ಇಬ್ಬರೂ 25 ಸಲ ಹೌದು ಎಂದಿದ್ದಾರೆ, ಹಾಗಾಗಿ ಬರೀ ಅದೃಷ್ಟದಿಂದ ಬರುವ ಒಪ್ಪಿಗೆ 0.25 ಗುಣಿಸು 0.25, ಅದಕ್ಕೆ 0.75 ಗುಣಿಸು 0.75 ಕೂಡಿಸಿ 0.625. ಕಪ್ಪಾ ಎಂದರೆ 0.90ರಲ್ಲಿ 0.625 ಕಳೆದು 0.375ರಿಂದ ಭಾಗಿಸಿದ್ದು, 0.73. ಇಷ್ಟಿದ್ದರೆ ಮುಂದುವರಿಯಬಹುದು. 0.60ಕ್ಕಿಂತ ಕೆಳಗಿದ್ದರೆ ತಪ್ಪು ನಿಮ್ಮದಲ್ಲ, ಮೊದಲ ಹಾಳೆಯಲ್ಲಿ ಬರೆದ ಗಡಿಯದು. ಅದನ್ನು ಬಿಡಿಸಿ ಬರೆದು ಮತ್ತೆ ಆರಿಸಿ. ಎಷ್ಟು ಸಿಕ್ಕಿತು, ಎಷ್ಟು ತೆಗೆದಿರಿ, ಏಕೆ ಎಂಬುದನ್ನು ಪ್ರಿಸ್ಮಾ ಮಾದರಿಯ ಚಿತ್ರದಲ್ಲಿ ತೋರಿಸಿ.

ಹೆಸರು, ಹೆಸರು, ಹೆಸರು

‘ಅತಿ ಹೆಚ್ಚು ಬರೆದ ಲೇಖಕರು ಯಾರು’ ಎಂಬ ಕೋಷ್ಟಕ ಇಂಥ ಪ್ರತಿಯೊಂದು ಅಧ್ಯಯನದಲ್ಲೂ ಇರುತ್ತದೆ. ಅತಿ ಹೆಚ್ಚು ತಪ್ಪುಗಳಿರುವುದೂ ಆ ಕೋಷ್ಟಕದಲ್ಲೇ. ಏಕೆ ಎಂದು ಕೊಡಗಿನವರಿಗೆ ವಿವರಿಸುವುದು ಸುಲಭ.

ಫೀಲ್ಡ್ ಮಾರ್ಷಲ್ ಕೊಡಂದೇರ ಮಾದಪ್ಪ ಕಾರ್ಯಪ್ಪ, ಜನರಲ್ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ. ನಮಗೆ ಇಬ್ಬರೂ ಒಂದೇ ಒಕ್ಕದವರು (ಒಕ್ಕ ಎಂದರೆ ಕೊಡವರ ಮನೆತನ) ಎಂದು ಹೆಸರಿನ ಮೊದಲ ಪದದಲ್ಲೇ ಗೊತ್ತು. ಡೇಟಾಬೇಸ್‌ಗೆ ಅದು ತಿಳಿಯದು. ಅದು ಕೊನೆಯ ಪದವನ್ನು ಕುಟುಂಬದ ಹೆಸರು ಎಂದು ಹಿಡಿದು, ಉಳಿದದ್ದನ್ನು ಇನಿಶಿಯಲ್ ಮಾಡುತ್ತದೆ: ‘ಕಾರ್ಯಪ್ಪ ಕೆ ಎಂ’, ‘ತಿಮ್ಮಯ್ಯ ಕೆ ಎಸ್’. ಅಲ್ಲಿಗೆ ಒಕ್ಕದ ಹೆಸರು ಒಂದು ಅಕ್ಷರವಾಗಿ ಕುಗ್ಗಿತು. ಈಗ ‘ಕ’ದಿಂದ ಶುರುವಾಗುವ ಇನ್ನೊಂದು ಒಕ್ಕದ, ತಂದೆ ಮುತ್ತಪ್ಪ ಆಗಿರುವ ಇನ್ನೊಬ್ಬ ಕಾರ್ಯಪ್ಪ ಪೇಪರ್ ಬರೆದರೆ ಅವರೂ ‘ಕಾರ್ಯಪ್ಪ ಕೆ ಎಂ’. ಇಬ್ಬರು ಒಬ್ಬರಾದರು. ಇದರ ಉಲ್ಟಾನೂ ಆಗುತ್ತದೆ. ಒಬ್ಬರೇ ಕಾರ್ಯಪ್ಪ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಒಂದು ಪೇಪರಿನಲ್ಲಿ ಸಿ ಅಕ್ಷರದಿಂದ, ಇನ್ನೊಂದರಲ್ಲಿ ಕೆ ಅಕ್ಷರದಿಂದ ಬರೆದರೆ ಒಬ್ಬರು ಇಬ್ಬರಾಗುತ್ತಾರೆ. ತಿಮ್ಮಯ್ಯದಲ್ಲಿ ಎಂ ಒಂದೋ ಎರಡೋ, ಗಣಪತಿಯ ಕೊನೆಗೆ ಐ ಯೋ ವೈ ಯೋ, ಇದೇ ಕಥೆ. ಮದುವೆಯಾಗಿ ಒಕ್ಕದ ಹೆಸರು ಬದಲಾದ ಹೆಣ್ಣುಮಕ್ಕಳ ಮೊದಲ ಪೇಪರುಗಳು ಒಂದು ಹೆಸರಿನಲ್ಲಿ, ಆಮೇಲಿನವು ಇನ್ನೊಂದರಲ್ಲಿ ಬಿದ್ದಿರುತ್ತವೆ. ಅರೆಭಾಷೆ ಗೌಡರ ಮನೆತನದ ಹೆಸರಿಗೂ ಇದೇ ಗತಿ.

ನಿಮ್ಮ ಪಟ್ಟಿಯಲ್ಲಿ ಇದೇ ತೊಂದರೆ ಚೀನೀ, ಕೊರಿಯನ್, ಸ್ಪ್ಯಾನಿಷ್ ಹೆಸರುಗಳಲ್ಲಿ ನೂರು ಪಟ್ಟು ಇರುತ್ತದೆ. ರೇಡಿಯಲ್ ಫೋರ್‌ಆರ್ಮ್ ಫ್ಲಾಪ್ ಅನ್ನು 1981ರಲ್ಲಿ ವರದಿ ಮಾಡಿದ ಯಾಂಗ್ ಗುವೋಫಾನ್ ಅವರ ಕುಟುಂಬದ ಹೆಸರು ಮೊದಲು ಬರುವ ಯಾಂಗ್. ಉಲ್ಲೇಖಿಸುವವರು ಅದನ್ನು ಹಿಂದುಮುಂದು ಮಾಡಿದರೆ ಸೈಟೇಶನ್ ಎರಡು ಹೆಸರಿಗೆ ಹಂಚಿಹೋಗುತ್ತದೆ. ‘ವಾಂಗ್ ವೈ’ ಎಂಬ ಒಬ್ಬ ಮಹಾನ್ ಲೇಖಕ ನಿಮ್ಮ ಕೋಷ್ಟಕದ ಮೊದಲ ಸಾಲಿನಲ್ಲಿ ಕಂಡರೆ, ಅದು ಹತ್ತಾರು ಜನ ಸೇರಿ ಆದ ಒಬ್ಬ ಎಂದು ತಿಳಿಯಿರಿ.

ಬಿಡಿಸುವ ಕೆಲಸ ಕೈಯಿಂದಲೇ ಆಗಬೇಕು. ಲೇಖಕರ ಹೆಸರುಗಳನ್ನೆಲ್ಲ ಒಂದು ಹಾಳೆಗೆ ತೆಗೆದು ಅಕಾರಾದಿ ಜೋಡಿಸಿ. ಎರಡು ಅಥವಾ ಹೆಚ್ಚು ಪೇಪರ್ ಇರುವ ಪ್ರತಿ ಹೆಸರಿಗೂ ನಾಲ್ಕು ವಿಷಯ ನೋಡಿ: ಪೂರ್ಣ ಹೆಸರು, ಸಂಸ್ಥೆ, ಸಹಲೇಖಕರು, ಆರ್ಕಿಡ್ ಸಂಖ್ಯೆ (ಪ್ರತಿ ಲೇಖಕರಿಗೆ ಸಿಗುವ ಶಾಶ್ವತ ಗುರುತಿನ ಸಂಖ್ಯೆ). ನಾಲ್ಕರಲ್ಲಿ ಎರಡು ಹೊಂದಿದರೆ ಒಬ್ಬರೇ ಎಂದು ಒಪ್ಪುವುದು ನಡೆಯುತ್ತದೆ, ಈ ನಿಯಮವನ್ನು ಪೇಪರಿನಲ್ಲಿ ಬರೆಯಿರಿ. ಆರ್ಕಿಡ್ ಶುರುವಾದದ್ದು 2012ರಲ್ಲಿ, ಹಾಗಾಗಿ ಹಳಬರಿಗೆ ಅದು ನೆರವಾಗದು. ಪಬ್‌ಮೆಡ್‌ನಲ್ಲಿ ಲೇಖಕರ ಪೂರ್ಣ ಹೆಸರು ಸೇರತೊಡಗಿದ್ದು 2002ರಿಂದ. ಅದಕ್ಕೂ ಹಿಂದಿನವಕ್ಕೆ ಪೇಪರಿನ ಮೊದಲ ಪುಟವನ್ನೇ ತೆರೆದು ನೋಡಬೇಕು. 1984ರಿಂದ 1995ರವರೆಗಿನ ದಾಖಲೆಗಳಲ್ಲಿ 10ಕ್ಕಿಂತ ಹೆಚ್ಚು ಲೇಖಕರಿದ್ದರೆ ಉಳಿದವರ ಹೆಸರೇ ಬಿಟ್ಟಿರುತ್ತಿದ್ದರು. ಸಂಸ್ಥೆಯ ವಿಳಾಸವೂ ಹಾಗೇ, 2014ಕ್ಕೆ ಮೊದಲು ಮೊದಲ ಲೇಖಕರದ್ದು ಮಾತ್ರ ಇರುತ್ತದೆ. ‘ದೇಶವಾರು ಪಾಲು’ ಎಂದು ಪಬ್‌ಮೆಡ್ ಮಾಹಿತಿಯಿಂದ ಚಾರ್ಟ್ ಮಾಡುವವರು ಇದನ್ನು ಮರೆತರೆ ಹಳೆಯ ಪೇಪರುಗಳ ಸಹಲೇಖಕರ ದೇಶಗಳೆಲ್ಲ ಮಾಯ.

ಜರ್ನಲ್‌ಗಳ ಹೆಸರೂ ಬದಲಾಗುತ್ತದೆ. ‘ಬ್ರಿಟಿಷ್ ಜರ್ನಲ್ ಆಫ್ ಪ್ಲಾಸ್ಟಿಕ್ ಸರ್ಜರಿ’ 2006ರಿಂದ ಬೇರೆ ಹೆಸರಿನದು. ‘ಆರ್ಕೈವ್ಸ್ ಆಫ್ ಫೇಶಿಯಲ್ ಪ್ಲಾಸ್ಟಿಕ್ ಸರ್ಜರಿ’ ಮೊದಲು ‘ಜಾಮಾ ಫೇಶಿಯಲ್ ಪ್ಲಾಸ್ಟಿಕ್ ಸರ್ಜರಿ’ ಆಯಿತು, 2020ರಲ್ಲಿ ಮತ್ತೊಂದು ಹೆಸರು ಪಡೆಯಿತು. ಒಂದೇ ಜರ್ನಲ್ ಎಂದು ಕೂಡಿಸುತ್ತೀರೋ ಬೇರೆ ಎಂದು ಇಡುತ್ತೀರೋ, ಮೊದಲೇ ತೀರ್ಮಾನಿಸಿ.

ಲೆಕ್ಕ

ಬರೀ ಒಟ್ಟು ಸೈಟೇಶನ್ ಹಳೆಯ ಪೇಪರಿಗೆ ಅನುಕೂಲ. 1985ರ ಒಂದು ಪೇಪರಿಗೆ 800, 2015ರ ಒಂದಕ್ಕೆ 400 ಇದೆ, 2025ರಲ್ಲಿ ಎಣಿಸುತ್ತಿದ್ದೀರಿ ಎಂದಿಟ್ಟುಕೊಳ್ಳಿ. ವರ್ಷಕ್ಕೆ ಇಷ್ಟು ಎಂದು ನೋಡಿದರೆ ಮೊದಲನೆಯದು 20, ಎರಡನೆಯದು 40. ಎರಡೂ ಕಾಲಂ ಕೊಡಿ. ಬಂದು ಎರಡು ವರ್ಷವೂ ಆಗದ ಪೇಪರಿಗೆ ಈ ಸರಾಸರಿ ನಂಬಬೇಡಿ, ಒಂದು ಸಂಪಾದಕೀಯದ ಉಲ್ಲೇಖ ಸಾಕು ಅದು ಹಾರಿಹೋಗಲು.

ಲೇಖಕರಿಗೆ ಪಾಲು ಕೊಡುವಾಗ ಪೂರ್ಣ ಎಣಿಕೆ, ಭಾಗದ ಎಣಿಕೆ ಎಂದು ಎರಡು ದಾರಿ. ಐದು ಜನ ಬರೆದ ಪೇಪರಿಗೆ ಪ್ರತಿಯೊಬ್ಬರಿಗೂ 1 ಕೊಟ್ಟರೆ ಪೂರ್ಣ, 0.2 ಕೊಟ್ಟರೆ ಭಾಗ. ದೊಡ್ಡ ಗುಂಪಿನಲ್ಲಿ ಬರೆಯುವವರು ಪೂರ್ಣ ಎಣಿಕೆಯಲ್ಲಿ ಮೇಲೇರುತ್ತಾರೆ. ಒಬ್ಬರೇ ಬರೆದ ಅರಿಯನ್, ಹಿಡಾಲ್ಗೋ ಅವರಂಥವರ ನಿಜವಾದ ಪಾಲು ಕಾಣುವುದು ಭಾಗದ ಎಣಿಕೆಯಲ್ಲಿ. ಎರಡನ್ನೂ ಹಾಕಿ, ಸ್ಥಾನ ಎಷ್ಟು ಬದಲಾಯಿತು ಎಂದು ತೋರಿಸಿದರೆ ನಿಮ್ಮ ಪೇಪರಿಗೆ ಹೇಳಲು ಒಂದು ಮಾತು ಸಿಕ್ಕಿತು.

ಎಚ್-ಇಂಡೆಕ್ಸ್ ಅನ್ನು ಹೋರ್ಹೆ ಹಿರ್ಶ್ 2005ರಲ್ಲಿ ಕೊಟ್ಟದ್ದು. ಒಬ್ಬರ ಪೇಪರುಗಳಿಗೆ 40, 18, 9, 5, 5, 2 ಸೈಟೇಶನ್ ಇದ್ದರೆ ಎಚ್ 5, ಏಕೆಂದರೆ ಕನಿಷ್ಠ ಐದು ಸೈಟೇಶನ್ ಇರುವ ಪೇಪರು ಐದು. ನೂರು ಪೇಪರಿನ ಪಟ್ಟಿಯೊಳಗೆ ಲೇಖಕರ ಎಚ್-ಇಂಡೆಕ್ಸ್ ಹಾಕುವುದು ಅರ್ಥವಿಲ್ಲದ ಕೆಲಸ, ಅದು ಇಡೀ ಬದುಕಿನ ಪೇಪರುಗಳ ಲೆಕ್ಕ. ಇಂಪ್ಯಾಕ್ಟ್ ಫ್ಯಾಕ್ಟರ್ ಜರ್ನಲ್‌ನದು, ಪೇಪರಿನದಲ್ಲ. 1989ರ ಪೇಪರಿನ ಪಕ್ಕ ಇಂದಿನ ಇಂಪ್ಯಾಕ್ಟ್ ಫ್ಯಾಕ್ಟರ್ ಬರೆಯುವ ರೂಢಿ ಬಿಡಬೇಕು.

ಸ್ವಂತ ಉಲ್ಲೇಖ ತೆಗೆದು ಮತ್ತೊಮ್ಮೆ ಎಣಿಸಿ. ಹೊಸ ತಂತ್ರ ಕಂಡುಹಿಡಿದವರು ಮುಂದಿನ ಪೇಪರಿನಲ್ಲಿ ತಮ್ಮ ಹಳೆಯದನ್ನು ಉಲ್ಲೇಖಿಸುವುದು ಸಹಜ, ಅದು ಅಪರಾಧವಲ್ಲ. ತೆಗೆದ ಮೇಲೆ ಸ್ಥಾನ ಹತ್ತು ಕೆಳಗೆ ಇಳಿದರೆ ಮಾತ್ರ ಬರೆಯಬೇಕಾದ ಸಂಗತಿ. ಜೊತೆಗೆ ಪಟ್ಟಿಯ ಪ್ರತಿ ಪೇಪರೂ ಹಿಂಪಡೆದದ್ದಲ್ಲ ಎಂದು ರಿಟ್ರ್ಯಾಕ್ಷನ್ ವಾಚ್ ಪಟ್ಟಿಯಲ್ಲಿ ನೋಡಿ. 2023ರಿಂದ ಅದು ಕ್ರಾಸ್‌ರೆಫ್ ಮೂಲಕ ಎಲ್ಲರಿಗೂ ಉಚಿತ. ಉಲ್ಲೇಖ ಜೋಡಿಸುವ ಝೊಟೆರೊ ತಂತ್ರಾಂಶ ಬಳಸುವವರಿಗೆ ಅದು ತಾನೇ ಕೆಂಪು ಪಟ್ಟಿ ತೋರಿಸುತ್ತದೆ.

ಯಾರ ಜೊತೆ ಯಾರು ಬರೆದರು ಎಂಬಂಥ ನಕ್ಷೆ ಮಾಡಬೇಕಿದ್ದರೆ ಲೈಡನ್ ವಿಶ್ವವಿದ್ಯಾಲಯದ ವಾಸ್‌ವ್ಯೂವರ್ ಉಚಿತ. ಅದಕ್ಕೆ ಥೆಸಾರಸ್ ಕಡತ ಕೊಡುವುದನ್ನು ಮರೆಯಬೇಡಿ: ಎರಡೇ ಕಾಲಂ, ಒಂದರಲ್ಲಿ ಇರುವ ಹೆಸರು, ಇನ್ನೊಂದರಲ್ಲಿ ಅದಕ್ಕೆ ಬದಲಾಗಿ ಬರಬೇಕಾದ ಹೆಸರು. ಕೈಯಿಂದ ಬಿಡಿಸಿದ ಹೆಸರುಗಳು ನಕ್ಷೆಗೆ ತಲುಪುವುದು ಇದರ ಮೂಲಕ. ಬಣ್ಣದ ಗುಳ್ಳೆಗಳ ಚಿತ್ರ ನೋಡಲು ಚೆಂದ, ಆದರೆ ಯಾವ ಗುಳ್ಳೆ ಏನು ಎಂದು ಮೂರು ವಾಕ್ಯ ಬರೆಯಲಾಗದಿದ್ದರೆ ಚಿತ್ರ ಹಾಕಬೇಡಿ.

ಎಣಿಕೆಗೆ ಸಿಗದವರು

ನಿಮ್ಮ ಒಪಿಡಿಯಲ್ಲಿ ಬೈಕ್ ಅಪಘಾತದ ಕೇಸ್ ಬಂದಾಗ ಕೇಸ್ ಶೀಟಿನಲ್ಲಿ ‘ಲೆ ಫೋರ್ಟ್ 2’ (ಮುಖದ ಮೂಳೆಮುರಿತದ ಒಂದು ಬಗೆ) ಎಂದು ಬರೆಯುತ್ತೀರಿ. ರೆನೆ ಲೆ ಫೋರ್ಟ್ ಆ ಅಧ್ಯಯನ ಪ್ರಕಟಿಸಿದ್ದು 1901ರಲ್ಲಿ, ‘ರೆವ್ಯೂ ದ ಶಿರ್ಯೂರ್ಜಿ’ಯ 23ನೇ ಸಂಪುಟದಲ್ಲಿ. ಅವರ ಹೆಸರು ಪ್ರತಿ ದಿನ ಬಳಕೆಯಲ್ಲಿದೆ, ಮೂಲ ಪೇಪರನ್ನು ಉಲ್ಲೇಖಪಟ್ಟಿಗೆ ಹಾಕುವವರು ಕಡಿಮೆ. ಹಾಕಿದವರಲ್ಲೂ ಗೊಂದಲ, ಏಕೆಂದರೆ ಪೇಪರ್ ಮೂರು ಕಂತಿನಲ್ಲಿ ಬಂತು: ಪುಟ 208, 360, 479ರಿಂದ ಶುರುವಾಗುವ ಮೂರು ತುಂಡು. ಒಬ್ಬರು ಒಂದನ್ನು ಉಲ್ಲೇಖಿಸುತ್ತಾರೆ, ಇನ್ನೊಬ್ಬರು ಇನ್ನೊಂದನ್ನು. ಡೇಟಾಬೇಸ್ ಮೂರನ್ನೂ ಬೇರೆ ಬೇರೆ ಎಣಿಸುತ್ತದೆ. ವೆಬ್ ಆಫ್ ಸೈನ್ಸ್‌ನಲ್ಲಿ ‘ಸೈಟೆಡ್ ರೆಫರೆನ್ಸ್ ಸರ್ಚ್’ ತೆರೆದು ಲೇಖಕ, ವರ್ಷ ಕೊಟ್ಟರೆ ತಪ್ಪು ಪುಟ, ತಪ್ಪು ಸಂಪುಟದ ರೂಪಗಳೂ ಪಟ್ಟಿಯಾಗಿ ಬರುತ್ತವೆ. ಅವನ್ನೆಲ್ಲ ಕೂಡಿಸಬೇಕು. ಜ್ಞಾನ ಎಲ್ಲರ ಸ್ವತ್ತಾಗಿ ಮೂಲದ ಉಲ್ಲೇಖವೇ ನಿಂತುಹೋಗುವ ಈ ಸ್ಥಿತಿಗೆ ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ ಒಂದು ಹೆಸರನ್ನೇ ಕೊಟ್ಟಿದ್ದಾರೆ. ನಿಮ್ಮ ಪಟ್ಟಿಯ ಮಿತಿ ಬರೆಯುವಾಗ ಇದನ್ನು ಒಂದು ಪ್ಯಾರಾ ಬರೆಯಿರಿ.

ಪುಸ್ತಕಗಳೂ ಹೀಗೇ ಜಾರುತ್ತವೆ. ಮೊದಲ ಮಹಾಯುದ್ಧದಲ್ಲಿ ಮುಖ ಕಳೆದುಕೊಂಡ ಸೈನಿಕರಿಗೆ ಸಿಡ್‌ಕಪ್ ಆಸ್ಪತ್ರೆಯಲ್ಲಿ ಚಿಕಿತ್ಸೆ ಮಾಡಿದ ಹೆರಾಲ್ಡ್ ಗಿಲೀಸ್‌ರ 1920ರ ಪುಸ್ತಕ ಜರ್ನಲ್ ಆಧಾರಿತ ಪಟ್ಟಿಗೆ ಬರುವುದೇ ಇಲ್ಲ. ಕೊಳವೆಯಂತೆ ಸುತ್ತಿದ ಪೆಡಿಕಲ್ (ಒಂದು ಕಡೆ ದೇಹಕ್ಕೆ ಅಂಟಿಕೊಂಡೇ ಇರುವ ಚರ್ಮದ ತುಂಡು) ಅನ್ನು ಗಿಲೀಸ್ 1917ರಲ್ಲಿ ಬಳಸಿದರು. ಒಡೆಸ್ಸಾದಲ್ಲಿ ಫಿಲಾಟೊವ್ ಅದಕ್ಕೂ ಮೊದಲೇ ಮಾಡಿ 1917ರಲ್ಲಿ ಪ್ರಕಟಿಸಿದ್ದರು. ಇಂಗ್ಲಿಷಿನಲ್ಲಿ ಬರೆದವರ ಹೆಸರೇ ಹೆಚ್ಚು ಓಡಿತು. ‘ಇಂಗ್ಲಿಷ್ ಪೇಪರ್ ಮಾತ್ರ’ ಎಂದು ಸೋಸುವ ಮೊದಲು ಇದನ್ನು ನೆನೆಯಿರಿ.

ಹಣೆಯ ಚರ್ಮದಿಂದ ಮೂಗು ಕಟ್ಟುವ ‘ಇಂಡಿಯನ್ ಫ್ಲಾಪ್’ ಯುರೋಪಿಗೆ ತಿಳಿದದ್ದು ಲಂಡನ್ನಿನ ‘ಜೆಂಟಲ್‌ಮನ್ಸ್ ಮ್ಯಾಗಜೀನ್’ನ 1794ರ ಅಕ್ಟೋಬರ್ ಸಂಚಿಕೆಯ ಒಂದು ಪತ್ರದಿಂದ. ಟಿಪ್ಪುವಿನ ಜೊತೆಗಿನ 1792ರ ಯುದ್ಧದಲ್ಲಿ ಇಂಗ್ಲಿಷರ ಎತ್ತಿನ ಗಾಡಿಯವನಾಗಿದ್ದ ಕಾವಸ್‌ಜಿ ಸೆರೆಸಿಕ್ಕು ಮೂಗು, ಒಂದು ಕೈ ಕಳೆದುಕೊಂಡಿದ್ದ. ಕೊಡಗು ಇಂಗ್ಲಿಷರ ಆಶ್ರಯಕ್ಕೆ ಹೋದದ್ದೂ ಅದೇ ಯುದ್ಧದ ಒಪ್ಪಂದದಲ್ಲಿ. ಪುಣೆಯ ಬಳಿ ಇಟ್ಟಿಗೆ ಮಾಡುವ ಜಾತಿಯ ಒಬ್ಬ ಅವನಿಗೆ ಹೊಸ ಮೂಗು ಮಾಡಿದ. ಪತ್ರದ ಕೆಳಗೆ ಇರುವುದು ‘ಬಿ. ಎಲ್.’ ಎಂಬ ಎರಡಕ್ಷರ. ರೋಗಿಯ ಹೆಸರಿದೆ, ಚಾಕು ಹಿಡಿದವನ ಹೆಸರಿಲ್ಲ. ಅದನ್ನು ಓದಿ ಶಸ್ತ್ರಚಿಕಿತ್ಸೆ ಮಾಡಿ 1816ರಲ್ಲಿ ಪುಸ್ತಕ ತಂದ ಜೋಸೆಫ್ ಕಾರ್ಪ್ಯೂ ಹೆಸರು ಎಲ್ಲ ಇತಿಹಾಸದಲ್ಲೂ ಇದೆ. ಯಾವ ಡೇಟಾಬೇಸೂ ಆ ಇಟ್ಟಿಗೆಯವನಿಗೆ ಒಂದು ಸೈಟೇಶನ್ ಕೊಡಲಾರದು.

ನಿಮ್ಮ ಪೇಪರಿನ ಲೇಖಕರು ಯಾರು?

ಜರ್ನಲ್ ಸಂಪಾದಕರ ಅಂತರರಾಷ್ಟ್ರೀಯ ಸಮಿತಿಯ ನಿಯಮದಂತೆ ಲೇಖಕರಾಗಲು ನಾಲ್ಕೂ ಇರಬೇಕು: ಯೋಜನೆ, ಮಾಹಿತಿ ಸಂಗ್ರಹ ಅಥವಾ ವಿಶ್ಲೇಷಣೆಯಲ್ಲಿ ಗಣನೀಯ ಕೆಲಸ, ಬರೆದದ್ದು ಅಥವಾ ತೂಕದ ತಿದ್ದುಪಡಿ, ಕೊನೆಯ ಪ್ರತಿಗೆ ಒಪ್ಪಿಗೆ, ಕೆಲಸದ ಎಲ್ಲ ಅಂಶಕ್ಕೂ ಹೊಣೆ ಹೊರುವ ಒಪ್ಪಿಗೆ. ನಾಲ್ಕನೆಯದು 2013ರಲ್ಲಿ ಸೇರಿತು. ವಿಭಾಗದ ಮುಖ್ಯಸ್ಥರು ಎಂಬುದು ಈ ನಾಲ್ಕರಲ್ಲಿ ಇಲ್ಲ. ಲ್ಯಾಪ್‌ಟಾಪ್ ಕೊಟ್ಟವರು, ಫೀಸು ಕಟ್ಟಿದವರೂ ಇಲ್ಲ. ಚಾಟ್‌ಜಿಪಿಟಿಯಂಥ ಯಂತ್ರ ಲೇಖಕ ಆಗಲಾರದು, ಬಳಸಿದ್ದರೆ ಎಲ್ಲಿ ಬಳಸಿದಿರಿ ಎಂದು ಬರೆಯಬೇಕು.

ಸರ್‌ಗೆ ಇದನ್ನು ಎದುರಿಗೆ ಹೇಳುವುದು ಪಿಜಿ ವಿದ್ಯಾರ್ಥಿಗೆ ಸುಲಭವಲ್ಲ. ಹಾಗಾಗಿ ಮಾತಿಗಿಂತ ಕಾಗದ ಒಳ್ಳೆಯದು. ಕ್ರೆಡಿಟ್ ಎಂಬ ಪದ್ಧತಿಯಲ್ಲಿ 14 ಕೆಲಸಗಳ ಪಟ್ಟಿ ಇದೆ: ಪರಿಕಲ್ಪನೆ, ವಿಧಾನ, ಮಾಹಿತಿ ನಿರ್ವಹಣೆ, ವಿಶ್ಲೇಷಣೆ, ಮೊದಲ ಕರಡು, ಮೇಲ್ವಿಚಾರಣೆ ಹೀಗೆ. ಗಡಿಯ ಹಾಳೆಗೆ ಸಹಿ ಮಾಡಿಸಿದ ದಿನವೇ ಇದನ್ನೂ ಮುಂದಿಟ್ಟು, ‘ಸರ್, ಜರ್ನಲ್‌ನವರು ಇದನ್ನು ಕೇಳುತ್ತಾರೆ, ಯಾರು ಯಾವುದು ಮಾಡುತ್ತೇವೆ ಎಂದು ಈಗಲೇ ಬರೆದುಕೊಳ್ಳೋಣವೇ?’ ಎಂದು ಕೇಳಿ. ಕೆಲಸ ಹಂಚುವ ಹಾಳೆ ಎಂದರೆ ಯಾರಿಗೂ ಬೇಸರವಾಗದು, ಹೆಸರು ಹಾಕುವ ಜಗಳ ಅದರಲ್ಲೇ ಮುಗಿಯುತ್ತದೆ. ಕೆಲಸ ಬದಲಾದರೆ ಹಾಳೆ ತಿದ್ದಿ ಮತ್ತೆ ಎಲ್ಲರೂ ಸಹಿ ಹಾಕಿ.

ಲೈಬ್ರರಿಯನ್ ವಿಷಯ ಬೇರೆಯಾಗಿ ಹೇಳಬೇಕು. ಲಾಗಿನ್ ಕೊಟ್ಟರಷ್ಟೇ ಎಂದಾದರೆ ಕೃತಜ್ಞತೆಯಲ್ಲಿ ಹೆಸರು ಹಾಕಿ, ಅದಕ್ಕೂ ಅವರ ಲಿಖಿತ ಒಪ್ಪಿಗೆ ಪಡೆಯಿರಿ. ಹುಡುಕಾಟದ ಪದಜಾಲವನ್ನು ಅವರೇ ಕಟ್ಟಿದ್ದರೆ, ಅದು ಈ ಅಧ್ಯಯನದ ಬೆನ್ನೆಲುಬು. ಕರಡು ತಿದ್ದಲು ಅವರನ್ನೂ ಕರೆಯಿರಿ, ಲೇಖಕರಾಗಲಿ. ಕರಡು ತೋರಿಸದೆ ಇದ್ದು, ಆಮೇಲೆ ‘ಎರಡನೇ ನಿಯಮ ಪೂರೈಸಲಿಲ್ಲ’ ಎಂದು ಬಿಡುವುದಕ್ಕೆ ಆ ನಿಯಮ ಬಳಸಬಾರದೆಂದು ಸಮಿತಿಯೇ ಸ್ಪಷ್ಟವಾಗಿ ಹೇಳಿದೆ.

ಕಳಿಸುವ ಮೊದಲು ಆರ್ಕಿಡ್ ಮಾಡಿಕೊಳ್ಳಿ, ಐದು ನಿಮಿಷದ ಕೆಲಸ. ನಿಮ್ಮ ಹೆಸರಿನ ಒಂದೇ ಇಂಗ್ಲಿಷ್ ಕಾಗುಣಿತವನ್ನು ಆರಿಸಿ, ಒಕ್ಕದ ಅಥವಾ ಮನೆತನದ ಹೆಸರನ್ನು ಬಿಡಿಸಿ ಬರೆಯುವುದೋ ಇನಿಶಿಯಲ್ ಮಾಡುವುದೋ ತೀರ್ಮಾನಿಸಿ, ಬೇರೆ ರೂಪಗಳನ್ನು ಆರ್ಕಿಡ್‌ನ ‘ಇತರ ಹೆಸರು’ಗಳಲ್ಲಿ ಸೇರಿಸಿ. ಜರ್ನಲ್‌ನ ಅರ್ಜಿಯಲ್ಲಿ ‘ಲಾಸ್ಟ್ ನೇಮ್’ ಖಾನೆಯಲ್ಲಿ ನೀವು ತುಂಬಿದ್ದೇ ಮುಂದೆ ನಿಮ್ಮ ಗುರುತು. ಪತ್ರವ್ಯವಹಾರಕ್ಕೆ ಕಾಲೇಜಿನ ಇಮೇಲ್ ಬದಲು ಸ್ವಂತದ್ದು ಕೊಡಿ, ಮೂರು ವರ್ಷ ಮುಗಿದ ಮೇಲೆ ಕಾಲೇಜಿನದು ನಿಂತುಹೋಗಬಹುದು. ಹುಡುಕಾಟದ ಪದಜಾಲ, ಇಳಿಸಿದ ದಿನದ ಪಟ್ಟಿ, ಹೆಸರು ಬಿಡಿಸಿದ ಹಾಳೆ ಮೂರನ್ನೂ ಝೆನೊಡೊ ಎಂಬ ಸಂಗ್ರಹತಾಣದಲ್ಲಿ ಹಾಕಿದರೆ ಉಚಿತವಾಗಿ ಡಿಒಐ (ದಾಖಲೆಯ ಶಾಶ್ವತ ಗುರುತಿನ ಸಂಖ್ಯೆ) ಸಿಗುತ್ತದೆ. ಡೇಟಾಬೇಸ್‌ನಿಂದ ಇಳಿಸಿದ ಪೂರ್ಣ ದಾಖಲೆಗಳನ್ನು ಮಾತ್ರ ಹಾಕಬೇಡಿ, ಚಂದಾದ ಷರತ್ತು ಅದಕ್ಕೆ ಒಪ್ಪದಿರಬಹುದು. ಶೀರ್ಷಿಕೆ, ಡಿಒಐ, ಆ ದಿನದ ಸಂಖ್ಯೆ ಇಷ್ಟು ಸಾಕು.